ಕೊಲಾಬಾದ ಟ್ರಾಮು, ವಾಂಗಣಿಯ ಕತ್ತಲು

ಕುದುರೆ ಟ್ರಾಮುಗಳನ್ನು ತೆಗೆದು ವಿದ್ಯುತ್ ಟ್ರಾಮು ಓಡಿಸುವ ಮಾತು ಮುಂಬೈಯಲ್ಲಿ ಗಟ್ಟಿಯಾದಾಗ ಕೊಲಾಬಾ ವೀಕ್ಷಣಾಲಯಕ್ಕೆ ಚಿಂತೆ ಹತ್ತಿತು. ಅಲ್ಲಿ 1840ರ ದಶಕದಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತ ಬಂದಿದ್ದರು. ಹಳಿಯಲ್ಲಿ ವಿದ್ಯುತ್ ಹರಿದರೆ ಸೂಕ್ಷ್ಮ ಉಪಕರಣಗಳು ಭೂಮಿಯ ಮಿಡಿತದ ಜೊತೆಗೆ ಟ್ರಾಮಿನ ಓಡಾಟವನ್ನೂ ಬರೆದಿಡುತ್ತವೆ; ಆಮೇಲೆ ಯಾವುದು ಯಾರದು ಎಂದು ಬಿಡಿಸುವುದು ಕಷ್ಟ. ನಿರ್ದೇಶಕ ನಾನಾಭಾಯಿ ಮೂಸ್ ಅವರ ಕಾಲದಲ್ಲಿ ಆ ಕೆಲಸವನ್ನೇ ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್‌ಗೆ ಒಯ್ದರು. 1904ರಲ್ಲಿ ಅಲ್ಲಿ ಅಳತೆ ಶುರುವಾಯಿತು. ಎರಡೂ ಕಡೆ ಕೆಲಕಾಲ ಒಟ್ಟಿಗೆ ಅಳೆದು, ತಾಳೆ ನೋಡಿದ ಮೇಲೆಯೇ ಕೊಲಾಬಾದ ಕಾಂತಮಾಪನ ನಿಂತದ್ದು. ಮುಂಬೈಯಲ್ಲಿ ವಿದ್ಯುತ್ ಟ್ರಾಮು ಓಡಿದ್ದು 1907ರಲ್ಲಿ.

ನಕ್ಷತ್ರಗಳ ಫೋಟೋ ತೆಗೆಯುವ ಮುಂಬೈಕರರು ಇಂದು ಮಾಡುತ್ತಿರುವುದೂ ಅದನ್ನೇ. ಮಳೆಗಾಲ ಮುಗಿದ ಮೇಲಿನ ಅಮಾವಾಸ್ಯೆಯ ಆಸುಪಾಸಿನ ಶನಿವಾರ, ಕರ್ಜತ್ ಲೋಕಲ್ ಹತ್ತಿ, ಬದ್ಲಾಪುರ ದಾಟಿ ವಾಂಗಣಿಯಲ್ಲಿ ಟ್ರೈಪಾಡ್ ಹೊತ್ತು ಇಳಿಯುತ್ತಾರೆ. ಹ್ಯಾಲಿ ಧೂಮಕೇತು ಕಳೆದ ಸಲ ಬಂದ ಕಾಲದಲ್ಲಿ ಹುಟ್ಟಿದ ಖಗೋಳ ಮಂಡಳ ಎಂಬ ಹವ್ಯಾಸಿಗಳ ಸಂಸ್ಥೆ ಇಡೀ ರಾತ್ರಿಯ ಆಕಾಶವೀಕ್ಷಣೆ ನಡೆಸುತ್ತ ಬಂದದ್ದು ಈ ವಾಂಗಣಿಯಲ್ಲೇ. ಇನ್ನೂ ಕತ್ತಲು ಬೇಕಾದವರು ಮಾಳಶೇಜ್ ಘಾಟಿಗೋ ಭಂಡಾರದರಾಕ್ಕೋ ಹೋಗುತ್ತಾರೆ.

ಇವರೆಲ್ಲ ತಪ್ಪಿಸಿಕೊಳ್ಳಲು ಹೊರಟಿರುವುದು ‘ನಾಯ್ಸ್’ನಿಂದ. ಕಿವಿಗೆ ಕೇಳುವ ಗದ್ದಲವಲ್ಲ, ಕಣ್ಣಿಗೆ ಕಾಣುವ ಗದ್ದಲ. ರಾತ್ರಿ ಆಕಾಶದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದರೆ ಕಪ್ಪು ಬಟ್ಟೆಯ ಮೇಲೆ ಬಣ್ಣದ ರವೆ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದು. ಮಂಕಾದ ನಕ್ಷತ್ರ ಯಾವುದು, ರವೆಕಾಳು ಯಾವುದು ಎಂದು ಹೇಳಲಾಗುವುದಿಲ್ಲ.

ಈ ಗದ್ದಲ ಹೆಚ್ಚಾಗಿ ಕ್ಯಾಮೆರಾದ ದೋಷ ಎಂದು ಜನ ತಿಳಿದಿದ್ದಾರೆ. ಅದರಲ್ಲಿ ದೊಡ್ಡ ಪಾಲು ಬೆಳಕಿನದೇ. ಬೆಳಕು ಹನಿಹನಿಯಾಗಿ ಬೀಳುತ್ತದೆ. ಮಳೆ ಶುರುವಾದಾಗ ಅಂಗಳದಲ್ಲಿ ಒಂದೇ ಅಳತೆಯ ನಾಲ್ಕು ಬಟ್ಟಲು ಇಟ್ಟರೆ ಎಲ್ಲದರಲ್ಲೂ ಒಂದೇ ಎಣಿಕೆಯ ಹನಿ ಬೀಳುವುದಿಲ್ಲ. ಸರಾಸರಿ 100 ಹನಿ ಬೀಳುವಲ್ಲಿ ಸುಮಾರು 10ರಷ್ಟು ಆಚೀಚೆ. 10,000 ಬೀಳುವಲ್ಲಿ 100ರಷ್ಟು ಆಚೀಚೆ. ಏರುಪೇರು ಯಾವಾಗಲೂ ಎಣಿಕೆಯ ವರ್ಗಮೂಲದಷ್ಟು. ಕ್ಯಾಮೆರಾದ ಪಿಕ್ಸೆಲ್‌ಗಳೂ ಇಂಥ ಬಟ್ಟಲುಗಳೇ.

ಈಗ ಒಂದು ಲೆಕ್ಕ ಹಾಕೋಣ. ಮುಂಬೈಯ ತಾರಸಿಯಿಂದ ತೆಗೆದ ಒಂದು ನಿಮಿಷದ ಚಿತ್ರದಲ್ಲಿ ಊರಿನ ದೀಪಗಳ ಬೆಳಕೇ ಪಿಕ್ಸೆಲ್‌ಗೆ 10,000 ಹನಿ ಸುರಿಯಿತು ಎಂದುಕೊಳ್ಳಿ. ನಾವು ಹುಡುಕುವ ನೀಹಾರಿಕೆ ಕೊಟ್ಟದ್ದು 50. ಊರಿನ ಬೆಳಕಿನ ಏರುಪೇರೇ 100 ಇರುವಾಗ ಆ 50 ಎಲ್ಲಿ ಕಂಡೀತು? ಕತ್ತಲ ಊರಿನಲ್ಲಿ ಆಕಾಶದ ಬೆಳಕು 400ಕ್ಕೆ ಇಳಿದರೆ ಏರುಪೇರು 20ರ ಹತ್ತಿರ. ಆಗ ಅದೇ 50 ಎದ್ದು ನಿಲ್ಲುತ್ತದೆ. ಅಲ್ಲಿ ಒಂದು ನಿಮಿಷದಲ್ಲಿ ಸಿಕ್ಕಿದ ಸ್ಪಷ್ಟತೆಯನ್ನು ಮುಂಬೈಯಲ್ಲಿ ಗಳಿಸಲು 22 ನಿಮಿಷ ಬೇಕು. ಊರಿನ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಆ 10,000ವನ್ನು ಕಳೆಯಬಹುದು, ನಿಜ. ಅದು ಬಿಟ್ಟುಹೋದ 100ರ ಏರುಪೇರನ್ನು ಕಳೆಯಲು ಬರುವುದಿಲ್ಲ. ಆದ್ದರಿಂದಲೇ ದುಬಾರಿ ಲೆನ್ಸಿಗಿಂತ ಕರ್ಜತ್ ಲೋಕಲಿನ ಟಿಕೆಟ್ ಹೆಚ್ಚು ಬೆಲೆಬಾಳುವ ಉಪಕರಣ.

ಹಿಂದೆ ಊರಿನಲ್ಲೇ ಉಳಿದವರಿಗೂ ಒಂದು ಉಪಾಯವಿತ್ತು. ಹಳದಿ ಸೋಡಿಯಂ ದೀಪದ ಬೆಳಕು ಬಹುಪಾಲು 589 ನ್ಯಾನೋಮೀಟರ್ ಅಲೆಯುದ್ದದ ಸುತ್ತಲೇ ಇರುವುದರಿಂದ ಒಂದು ಫಿಲ್ಟರ್ ಹಾಕಿದರೆ ಸಾಕಷ್ಟು ತಡೆಯಬಹುದಿತ್ತು. 2015ರಲ್ಲಿ ಮರೀನ್ ಡ್ರೈವ್‌ಗೆ ಬಿಳಿ ಎಲ್‌ಇಡಿ ಬಂದಾಗ ‘ರಾಣಿಯ ಕಂಠೀಹಾರ’ ಎಂದು ಹೆಸರಾದ ಅಲ್ಲಿನ ದೀಪಸಾಲಿನ ಅಂದ ಕೆಟ್ಟಿತೆಂದು ವಾದ ಎದ್ದಿತು. ಆಕಾಶದ ಫೋಟೋ ತೆಗೆಯುವವರ ನಷ್ಟ ಅಂದಕ್ಕಿಂತ ದೊಡ್ಡದು: ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ, ಹಳೆಯ ಫಿಲ್ಟರಿಗೆ ಹಿಡಿತ ಸಿಗುವುದಿಲ್ಲ. ಹೈಡ್ರೋಜನ್‌ನ 656 ನ್ಯಾನೋಮೀಟರ್ ಕೆಂಪನ್ನು ಮಾತ್ರ ಒಳಬಿಡುವ ಕಿರಿದಾದ ಫಿಲ್ಟರ್‌ಗಳು ನೀಹಾರಿಕೆಗಳಿಗೆ ಒದಗುತ್ತವೆ. ಆಕಾಶಗಂಗೆಯ ನಕ್ಷತ್ರರಾಶಿಗೆ ಒದಗುವುದಿಲ್ಲ.

ಇನ್ನೊಂದು ಗದ್ದಲ ಕ್ಯಾಮೆರಾದ ಒಳಗಿನದು, ಅದಕ್ಕೆ ಕಾರಣ ಶಾಖ. ಬೆಳಕು ಬೀಳದಿದ್ದರೂ ಬಿಸಿಯಾದ ಸೆನ್ಸರ್‌ನಲ್ಲಿ ಎಲೆಕ್ಟ್ರಾನ್‌ಗಳು ತಾವಾಗಿ ಎದ್ದು ಬರುತ್ತವೆ. ಕ್ಯಾಮೆರಾ ಅವನ್ನೂ ಬೆಳಕೆಂದೇ ಎಣಿಸುತ್ತದೆ. ಶಾಖ ಸುಮಾರು 6 ಡಿಗ್ರಿ ಏರಿದರೆ ಇವುಗಳ ಸಂಖ್ಯೆ ಇಮ್ಮಡಿ. ಹಾಗಾಗಿ ಮೇ ತಿಂಗಳ 28 ಡಿಗ್ರಿಯ ರಾತ್ರಿಗೂ ಜನವರಿಯ 16 ಡಿಗ್ರಿಯ ರಾತ್ರಿಗೂ ನಾಲ್ಕು ಪಟ್ಟು ಅಂತರ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಕೊರೆಯುವ ಚಳಿಯಲ್ಲಿ ಇರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಅಂಥ ಚಳಿಯಲ್ಲೂ ಅದರ ಕ್ಯಾಮೆರಾವನ್ನು ದ್ರವ ಸಾರಜನಕ ಹಾಕಿ ತಣ್ಣಗಿಡುತ್ತಾರೆ. ವಾಂಗಣಿಯ ಹವ್ಯಾಸಿಗೆ ಆ ಸೌಲಭ್ಯವಿಲ್ಲ. ಹಿಂದಿನ ಪರದೆ ಆರಿಸುವುದು, ಎರಡು ಚಿತ್ರಗಳ ನಡುವೆ ಅರೆನಿಮಿಷ ಸೆನ್ಸರ್‌ಗೆ ಉಸಿರಾಡಲು ಬಿಡುವುದು, ಅಷ್ಟೇ ಅವರ ಕೈಯಲ್ಲಿರುವುದು.

ಅದಕ್ಕೇ ರಾತ್ರಿ ಎರಡೋ ಮೂರೋ ಗಂಟೆಗೆ ಒಂದು ವಿಚಿತ್ರ ಕೆಲಸ ನಡೆಯುತ್ತದೆ. ತಲೆಯ ಮೇಲೆ ಆಕಾಶ ತೆರೆದಿರುವಾಗಲೇ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್ಒ, ಅದೇ 60 ಸೆಕೆಂಡ್, ಅದೇ ಚಳಿಯಲ್ಲಿ ಚಿತ್ರ ತೆಗೆಯುತ್ತ ಹೋಗುತ್ತಾರೆ. ಇವು ‘ಡಾರ್ಕ್’ಗಳು. ನೋಡಲು ಬರೀ ಕಪ್ಪು. ಲ್ಯಾಪ್‌ಟಾಪಿನಲ್ಲಿ ಬೆಳಕು ಏರಿಸಿದರೆ ಕೆಂಪು, ನೀಲಿ, ಹಸಿರು ಚುಕ್ಕಿಗಳು ಕಣ್ಣು ಬಿಡುತ್ತವೆ. ಕೆಲವು ಕ್ಯಾಮೆರಾಗಳಲ್ಲಿ ಒಂದು ಮೂಲೆಯಲ್ಲಿ ನೇರಳೆ ಮಬ್ಬು ಹಬ್ಬಿರುತ್ತದೆ. ಆ ಚುಕ್ಕಿಗಳು ಪ್ರತಿ ಸಲವೂ ಅದೇ ಜಾಗದಲ್ಲಿ ಬರುವುದರಿಂದ ಅವನ್ನು ಅಸಲಿ ಚಿತ್ರದಿಂದ ಕಳೆಯಬಹುದು. ಒಂದೇ ಡಾರ್ಕ್ ಕಳೆದರೆ ಅದರ ಸ್ವಂತ ಏರುಪೇರೂ ಚಿತ್ರಕ್ಕೆ ಸೇರುತ್ತದೆ, ಆದ್ದರಿಂದ 20–30 ತೆಗೆದು ಸರಾಸರಿ ಮಾಡುತ್ತಾರೆ. ಕ್ಯಾಮೆರಾದಲ್ಲೇ ಇರುವ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಪ್ರತಿ ಚಿತ್ರದ ಬೆನ್ನಿಗೆ ಒಂದು ಡಾರ್ಕ್ ತಾನೇ ತೆಗೆಯುತ್ತದೆ, ಅರ್ಧ ರಾತ್ರಿಯನ್ನು ತಿಂದುಹಾಕುತ್ತದೆ. ಪಳಗಿದವರು ಅದನ್ನು ಆರಿಸಿಯೇ ಇಡುತ್ತಾರೆ.

ಉಳಿದ ಗದ್ದಲಕ್ಕೆ ಮದ್ದು ಎಣಿಕೆ. ಭೂಮಿಯ ತಿರುಗಾಟವನ್ನು ಸರಿದೂಗಿಸುವ ಟ್ರ್ಯಾಕರ್ ಮೇಲೆ ಕ್ಯಾಮೆರಾ ಕೂರಿಸಿ ಆಕಾಶದ ಅದೇ ಭಾಗವನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್‌ನಂಥ ಪುಕ್ಕಟೆ ತಂತ್ರಾಂಶಗಳು ಅವನ್ನು ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಸರಾಸರಿ ಮಾಡುತ್ತವೆ. 16 ಚಿತ್ರ ಸೇರಿದರೆ ಗದ್ದಲ ಕಾಲುಭಾಗ, 64 ಸೇರಿದರೆ ಎಂಟನೇ ಒಂದು ಭಾಗ. ನಡುವೆ ಹಾದುಹೋದ ವಿಮಾನದ ಗೆರೆಯೂ ಮಾಯ, ಏಕೆಂದರೆ 64ರಲ್ಲಿ ಒಂದರಲ್ಲಿ ಮಾತ್ರ ಇರುವುದನ್ನು ತಂತ್ರಾಂಶ ಸುಳ್ಳುಸಾಕ್ಷಿಯೆಂದು ತಳ್ಳಿಹಾಕುತ್ತದೆ. ಪ್ರತಿ ನಾಲ್ಕಾರು ಚಿತ್ರಕ್ಕೊಮ್ಮೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಬೇಕು. ಇಲ್ಲದಿದ್ದರೆ ಡಾರ್ಕ್ ಕಳೆದ ಮೇಲೂ ಉಳಿದ ಕಲೆಗಳು ಒಂದೇ ದಿಕ್ಕಿಗೆ ಎಳೆದು ಓರೆಮಳೆಯಂತೆ ಗೆರೆ ಮೂಡಿಸುತ್ತವೆ.

ಇಷ್ಟೆಲ್ಲ ಯಾಕೆ, ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದೇ ಕ್ಲಿಕ್ಕಿಗೆ ಶುಚಿ ಮಾಡುತ್ತದಲ್ಲ ಎನ್ನಬಹುದು. ಹಿತಮಿತವಾಗಿ, ಕೊನೆಯಲ್ಲಿ ಬಳಸಿದರೆ ಅಡ್ಡಿಯಿಲ್ಲ. ಆದರೆ ಒಂದೇ ಗದ್ದಲದ ಚಿತ್ರ ಕೊಟ್ಟು ಪವಾಡ ಬೇಡಿದರೆ ಅದು ಮಂಕು ನಕ್ಷತ್ರಗಳನ್ನು ನುಂಗಿ, ಇಲ್ಲದ ಎಳೆಗಳನ್ನು ನೇಯ್ದುಬಿಡುತ್ತದೆ. ಸಾವಿರಾರು ವರ್ಷ ಪಯಣಿಸಿ ಬಂದ ಬೆಳಕನ್ನು ಅಳಿಸಿ ಅದರ ಜಾಗದಲ್ಲಿ ಊಹೆಯನ್ನು ಕೂರಿಸುವುದು ಸರಿಯಲ್ಲ.

ವಾಂಗಣಿಯಲ್ಲಿ ಬೆಳಕು ಹರಿಯುವಾಗ ಒಂದು ಕೆಲಸ ಬಾಕಿ ಇರುತ್ತದೆ. ಬಿಳಿ ಟೀ ಶರ್ಟನ್ನು ಲೆನ್ಸಿನ ಬಾಯಿಗೆ ಬಿಗಿಯಾಗಿ ಎಳೆದು, ಬೆಳ್ಳನೆಯ ಆಕಾಶದತ್ತ ಮುಖ ಮಾಡಿ ಇಪ್ಪತ್ತು ಚಿತ್ರ. ಲೆನ್ಸಿನ ಅಂಚಿನ ಮಬ್ಬು, ಸೆನ್ಸರ್ ಮೇಲಿನ ಧೂಳಿನ ನೆರಳು ಇವುಗಳಲ್ಲಿ ದಾಖಲಾಗುತ್ತವೆ. ಆಮೇಲೆ ಇಬ್ಬನಿ ಒರೆಸಿ, ಟ್ರೈಪಾಡ್ ಮಡಚಿ, ಬೆಳಗಿನ ಲೋಕಲ್ ಹಿಡಿಯುತ್ತಾರೆ. ಮನೆಗೆ ಬಂದು ಚಹಾ ಕುಡಿಯುವ ಮೊದಲೇ ಡಾರ್ಕ್‌ಗಳನ್ನು ಬೇರೆ ಫೋಲ್ಡರಿಗೆ ಹಾಕಿ ಹೆಸರಿಡುತ್ತಾರೆ: ‘16 ಡಿಗ್ರಿ, 60 ಸೆಕೆಂಡ್, ಐಎಸ್ಒ 1600’. ಮುಂದಿನ ಅಮಾವಾಸ್ಯೆಗೂ ಅಷ್ಟೇ ಚಳಿ ಇದ್ದರೆ ಅವೇ ಸಾಕು.