ಹಳೇ ಎಡಬ್ಲ್ಯೂಡಿ ವ್ಯಾನ್ ಕೊಳ್ಳೋ ಮುಂಚೆ ಟೈರ್ ಅಳೆದು ನೋಡಿ

ಪ್ರತಿ ವರ್ಷ ನಮ್ಮ ಕಾಲೇಜಿನಿಂದ ಒಂದಷ್ಟು ಜನ ಎಂಎಸ್ ಅಂತ ಅಮೆರಿಕಕ್ಕೋ ಕೆನಡಾಕ್ಕೋ ಹೋಗ್ತಾರೆ. ಅಲ್ಲಿ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿಗೆ ಈ ಪ್ರಶ್ನೆ ಬಂದೇ ಬರುತ್ತೆ: "ನಾಲ್ಕು ಜನ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ವ್ಯಾನ್ ತಗೋಬೇಕು ಅಂತಿದ್ದೀವಿ. ನ್ಯಾಷನಲ್ ಪಾರ್ಕ್ ಎಲ್ಲಾ ಸುತ್ತಬೇಕು, ಆಗಾಗ ಅದರಲ್ಲೇ ಮಲಗಬೇಕು. ಆಲ್ ವೀಲ್ ಡ್ರೈವ್ ಇರೋದೇ ಬೇಕಾ?"

ನಮ್ಮೂರಲ್ಲಿ ಈ ಪ್ರಶ್ನೆ ಹುಟ್ಟೋದು ಕಮ್ಮಿ. ನಮಗೆ ಗೊತ್ತಿರೋ ವ್ಯಾನ್ ಅಂದ್ರೆ ಓಮ್ನಿ, ಈಕೋ. ಎರಡರಲ್ಲೂ ಎಂಜಿನ್ನಿನ ಶಕ್ತಿ ಹೋಗೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮೇಲಾಗಿ ಗಾಡಿಯ ಮೂಲ ರಚನೆಯನ್ನೇ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಹಾಗಾಗಿ ಈ ಲೇಖನ ಮುಖ್ಯವಾಗಿ ವಿಮಾನ ಹತ್ತುವವರಿಗೆ. ಉಳಿದವರಿಗೆ ಫಿಸಿಕ್ಸ್ ಆದರೂ ಉಪಯೋಗಕ್ಕೆ ಬಂದೀತು.

ಮೊದಲು ಎಡಬ್ಲ್ಯೂಡಿ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದನ್ನ ಲೆಕ್ಕ ಹಾಕೋಣ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಘರ್ಷಣೆಯ ಗುಣಾಂಕ, ಅಂದ್ರೆ ನಮ್ಮ ಮ್ಯೂ, 0.2 ಅಂತ ಇಟ್ಕೊಳ್ಳಿ. ನಾಲ್ಕೂ ಚಕ್ರ ಎಳೆಯುವ ಗಾಡಿ ಹತ್ತಬಲ್ಲ ಏರಿನ ಟ್ಯಾಂಜೆಂಟ್ ಮ್ಯೂಗೆ ಸಮ. ಅಂದ್ರೆ ಸುಮಾರು 11 ಡಿಗ್ರಿ. ಮುಂದಿನ ಎರಡೇ ಚಕ್ರ ಎಳೆಯುವ ಗಾಡಿಯಲ್ಲಿ ಅರ್ಧ ತೂಕ ಮಾತ್ರ ಆ ಚಕ್ರಗಳ ಮೇಲಿದ್ರೆ 6 ಡಿಗ್ರಿಗಿಂತ ಸ್ವಲ್ಪ ಕಮ್ಮಿಗೇ ಕತೆ ಮುಗೀತು. ಕ್ಯಾಂಪಿಂಗ್ ಸಾಮಾನೆಲ್ಲ ಹಿಂದೆ ತುಂಬಿದ್ರೆ, ಏರಿನಲ್ಲಿ ತೂಕವೂ ಹಿಂದಕ್ಕೆ ವಾಲುವುದರಿಂದ, ಇನ್ನೂ ಕಮ್ಮಿ. ಇಲ್ಲಿ ಎಡಬ್ಲ್ಯೂಡಿಗೆ ನಿಜವಾದ ಬೆಲೆ ಇದೆ.

ಈಗ ಬ್ರೇಕ್ ಹಾಕಿ. ಅದೇ ಹಿಮದ ಮೇಲೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ನಿಲ್ಲೋಕೆ ಸುಮಾರು 70 ಮೀಟರ್ ಬೇಕು. ಒಣ ರಸ್ತೆಯಲ್ಲಿ ಮ್ಯೂ 0.7 ಅಂದ್ರೆ 20 ಮೀಟರ್ ಸಾಕು. ವೇಗದ ವರ್ಗವನ್ನ ಎರಡು ಮ್ಯೂ ಜಿ ಇಂದ ಭಾಗಿಸುವ ಈ ಸೂತ್ರದಲ್ಲಿ ಎಷ್ಟು ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತೆ ಅನ್ನೋ ಮಾತೇ ಇಲ್ಲ, ಯಾಕಂದ್ರೆ ಬ್ರೇಕ್ ಎಲ್ಲಾ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರೋದು. ಆರಾಮಾಗಿ ಘಾಟಿ ಹತ್ತಿಸಿದ ಗಾಡಿ ಇಳಿಯುವಾಗ ಜಾರಿ ಹಳ್ಳಕ್ಕೆ ಹೋಗೋದು ಇದಕ್ಕೇ. ಮ್ಯೂ ಹೆಚ್ಚಿಸೋದು ಟೈರ್ ಮಾತ್ರ. ಬಜೆಟ್ ಬಿಗಿಯಾಗಿದ್ರೆ, ಮಾಮೂಲಿ ಮುಂಚಕ್ರದ ವ್ಯಾನ್ ಜೊತೆ ಒಂದು ಸೆಟ್ ಒಳ್ಳೇ ವಿಂಟರ್ ಟೈರ್ ತಗೊಳ್ಳಿ ಅಂತಲೇ ನಾನು ಹೇಳೋದು. ಹಿಮದ ಘಾಟಿಗಳಿಗೆ ಪದೇ ಪದೇ ಹೋಗುವವರ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಎರಡನೇ ಹಂತದ ಚೈನ್ ನಿಯಮ ಜಾರಿಯಲ್ಲಿದ್ದಾಗ, ನಾಲ್ಕಕ್ಕೂ ಹಿಮದ ಟೈರ್ ಇರುವ ಎಡಬ್ಲ್ಯೂಡಿ ಗಾಡಿಗೆ ಚೈನ್ ಕಟ್ಟದೆ ಹೋಗಲು ಬಿಡ್ತಾರೆ. ಚೈನ್ ಗಾಡಿಯಲ್ಲಿ ಇರಲೇಬೇಕು, ಅದು ಬೇರೆ.

ಯಾವ ಗಾಡಿ? ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದು ಹೆಚ್ಚಾಗಿ ಟೊಯೋಟಾ ಸಿಯೆನ್ನಾ. 2004ರ ಮಾಡೆಲ್‌ನಿಂದ ಇದರಲ್ಲಿ ಎಡಬ್ಲ್ಯೂಡಿ ಸಿಗುತ್ತೆ. 2006ರವರೆಗಿನ 3.3 ಲೀಟರ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, 90 ಸಾವಿರ ಮೈಲಿಗೆ ಬದಲಾಯಿಸಬೇಕು. ಬದಲಾಯಿಸಿದ ಬಿಲ್ ಕೇಳಿ, ಇಲ್ಲಾಂದ್ರೆ ಆ ಖರ್ಚನ್ನ ಬೆಲೆಯಲ್ಲಿ ಕಳೀರಿ. 2007ರಿಂದ ಬಂದ 3.5 ಲೀಟರ್ ಎಂಜಿನ್ನಿಗೆ ಚೈನ್. ಎಡಬ್ಲ್ಯೂಡಿ ಮಾಡೆಲ್‌ಗಳಲ್ಲಿ ಸ್ಟೆಪ್ನಿಗೆ ಜಾಗವಿಲ್ಲದ್ದರಿಂದ ಕಂಪನಿ ರನ್‌ಫ್ಲಾಟ್ ಟೈರ್ ಕೊಡ್ತಿತ್ತು. ಪಂಕ್ಚರ್ ಆದ್ಮೇಲೂ ನಿಧಾನವಾಗಿ ಸುಮಾರು 80 ಕಿಲೋಮೀಟರ್ ಓಡುವ ಗಟ್ಟಿ ಗೋಡೆಯ ಟೈರ್ ಅದು. ಹಳೇ ಗಾಡಿಗಳಲ್ಲಿ ಬಹಳ ಮಾಲೀಕರು ಅದನ್ನ ತೆಗೆದು ಮಾಮೂಲಿ ಟೈರ್ ಹಾಕಿರ್ತಾರೆ. ಅಂಥ ಗಾಡಿಯಲ್ಲಿ ಸ್ಟೆಪ್ನಿಯೂ ಇಲ್ಲ, ರನ್‌ಫ್ಲಾಟೂ ಇಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಮರುಭೂಮಿಗೆ ಹೋಗುವವರು ಇದನ್ನ ಮೊದಲೇ ತಿಳ್ಕೊಂಡಿರಬೇಕು. 2021ರ ನಂತರದ ಸಿಯೆನ್ನಾ ಹೈಬ್ರಿಡ್, ಹಿಂದಿನ ಚಕ್ರಕ್ಕೆ ಪ್ರತ್ಯೇಕ ಮೋಟಾರ್. ಆದರೆ ಅದರ ನಡುವಿನ ಸೀಟುಗಳನ್ನ ಹಳೇದರ ಹಾಗೆ ಬಿಚ್ಚಿ ಮನೇಲಿಟ್ಟು ಹೋಗೋಕೆ ಆಗಲ್ಲ, ಹಾಗಾಗಿ ಮಲಗೋಕೆ ಹಳೇದೇ ವಾಸಿ.

ಇನ್ನು ಮಿತ್ಸುಬಿಷಿ ಡೆಲಿಕಾ. ಪಜೇರೋದ ಡ್ರೈವ್‌ಟ್ರೇನ್ ಹಂಚಿಕೊಂಡ ಜಪಾನಿನ ವ್ಯಾನ್, ಸ್ಟೀರಿಂಗ್ ನಮ್ಮ ಹಾಗೆ ಬಲಗಡೆ. ಕೆನಡಾದಲ್ಲಿ 15 ವರ್ಷ, ಅಮೆರಿಕದಲ್ಲಿ 25 ವರ್ಷ ಹಳೆಯದಾದ ಮೇಲೆ ಆಮದು ಮಾಡಬಹುದು. ಈ ಪಟ್ಟಿಯಲ್ಲಿ ಕಚ್ಚಾ ರಸ್ತೆಗೆ ನಿಜಕ್ಕೂ ಲಾಯಕ್ಕಾದದ್ದು ಅದೇ, ಸಿಯೆನ್ನಾ ನೆಲದಿಂದ ನಮ್ಮ ಸ್ವಿಫ್ಟ್‌ನಷ್ಟೇ ಎತ್ತರ. ಆದರೆ ಅಮೆರಿಕದ ಕೆಲವು ರಾಜ್ಯಗಳು ಇಂಥ ಆಮದು ಗಾಡಿಗಳ ನೋಂದಣಿಗೆ ತಕರಾರು ಮಾಡಿವೆ, ಬಿಡಿಭಾಗಕ್ಕೂ ಕಾಯಬೇಕು. ಷೆವ್ರೊಲೆ ಆಸ್ಟ್ರೋ 2005ಕ್ಕೆ ನಿಂತುಹೋಯಿತು. ಗಟ್ಟಿ ಗಾಡಿ, ಪೆಟ್ರೋಲ್ ಕುಡಿಯುತ್ತೆ.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಹಳೇ ಎಡಬ್ಲ್ಯೂಡಿ ಗಾಡಿ ಕೈಕೊಡೋ ಮುಖ್ಯ ಜಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಕಪ್ಲಿಂಗ್. ಇದಕ್ಕೆ ಚಂದದ ಉದಾಹರಣೆ ಎಂಬತ್ತರ ದಶಕದ ಫೋಕ್ಸ್‌ವ್ಯಾಗನ್ ಸಿಂಕ್ರೋ ವ್ಯಾನ್. ಎಂಜಿನ್ ಹಿಂದೆ, ಹಿಂದಿನ ಚಕ್ರ ಸದಾ ಎಳೆಯುತ್ತೆ, ಮುಂದಿನದಕ್ಕೆ ವಿಸ್ಕಸ್ ಕಪ್ಲಿಂಗ್ ಮೂಲಕ ಶಕ್ತಿ ಹೋಗುತ್ತೆ. ಅದೊಂದು ಮುಚ್ಚಿದ ಡಬ್ಬಿ. ಒಳಗೆ ತೂತು ಕೊರೆದ ತೆಳು ಪ್ಲೇಟುಗಳ ಸಾಲು, ಒಂದು ಬಿಟ್ಟು ಒಂದು ಪ್ಲೇಟ್ ಒಂದೊಂದು ಶಾಫ್ಟಿಗೆ ಸೇರಿದ್ದು, ನಡುವೆ ಮಂದವಾದ ಸಿಲಿಕೋನ್ ದ್ರವ. ಎರಡು ಶಾಫ್ಟೂ ಒಂದೇ ವೇಗದಲ್ಲಿದ್ರೆ ಏನೂ ಆಗಲ್ಲ. ಒಂದು ಆಕ್ಸಲ್ ಜಾರಿ ಜೋರಾಗಿ ತಿರುಗಿದ್ರೆ ದ್ರವ ಕತ್ತರಿಸಿಕೊಂಡು ಬಿಸಿಯಾಗಿ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತೆ. ಸೆನ್ಸರ್ ಇಲ್ಲ, ಪ್ರೋಗ್ರಾಮ್ ಇಲ್ಲ. ಇತ್ತೀಚಿನ ವ್ಯಾನ್‌ಗಳಲ್ಲಿ ಕಂಪ್ಯೂಟರ್ ಒತ್ತಿ ಬಿಡುವ ಕ್ಲಚ್ ಪ್ಲೇಟುಗಳಿವೆ.

ಹಿಂದೆ ಹೊಸ ಟೈರ್, ಮುಂದೆ ಸವೆದದ್ದು ಅಂತ ಇಟ್ಕೊಳ್ಳಿ. ಹೊಸದರ ವ್ಯಾಸ 680 ಮಿಲಿಮೀಟರ್. ಐದು ಮಿಲಿಮೀಟರ್ ರಬ್ಬರ್ ಸವೆದ ಟೈರಿನ ವ್ಯಾಸ 670. ಕಿಲೋಮೀಟರಿಗೆ ಒಂದು 468 ಸುತ್ತು, ಇನ್ನೊಂದು 475 ಸುತ್ತು. ಗಂಟೆಗೆ ನೂರರಲ್ಲಿ ಹೋದ್ರೆ ಗಂಟೆಗೆ 700 ಸುತ್ತಿನ ವ್ಯತ್ಯಾಸ. ಕಪ್ಲಿಂಗ್ ಪ್ರೊಪೆಲ್ಲರ್ ಶಾಫ್ಟಿನ ಮೇಲಿದ್ರೆ, ಶಾಫ್ಟ್ ಚಕ್ರಕ್ಕಿಂತ ಹಲವು ಪಟ್ಟು ಜೋರಾಗಿ ತಿರುಗುವುದರಿಂದ, ಅದರೊಳಗಿನ ವ್ಯತ್ಯಾಸ ಇನ್ನೂ ಹೆಚ್ಚು. ಒಣ ಹೆದ್ದಾರಿಯಲ್ಲಿ, ಯಾರಿಗೂ ಗೊತ್ತಾಗದ ಹಾಗೆ, ಗಾಡಿ ತನ್ನ ಕಪ್ಲಿಂಗನ್ನ ತಾನೇ ಬೇಯಿಸುತ್ತಾ ಇರುತ್ತೆ. ಹಿಂದಿನ ಮಾಲೀಕ ದುಡ್ಡು ಉಳಿಸೋಕೆ ಎರಡೇ ಟೈರ್ ಬದಲಾಯಿಸಿದ್ದರ ಬಿಲ್ ನಿಮ್ಮ ಕೈಗೆ ಬರೋದು ಹೀಗೆ. ಎಷ್ಟೋ ಎಡಬ್ಲ್ಯೂಡಿ ತಯಾರಕರು ನಾಲ್ಕು ಟೈರ್ ನಡುವೆ ಬಯಸೋ ವ್ಯತ್ಯಾಸ ಇಂಚಿನ ಮೂವತ್ತೆರಡನೇ ಎರಡು ಭಾಗ, ಸುಮಾರು 1.6 ಮಿಲಿಮೀಟರ್ ಒಳಗೆ.

ಹಾಗಾಗಿ ಗಾಡಿ ನೋಡೋಕೆ ಹೋಗುವಾಗ ಟ್ರೆಡ್ ಅಳೆಯುವ ಗೇಜ್ ಮತ್ತೆ ಟಾರ್ಚ್ ತಗೊಂಡು ಹೋಗಿ. ನಾಲ್ಕೂ ಟೈರ್ ಒಂದೇ ಬ್ರ್ಯಾಂಡ್, ಒಂದೇ ಸೈಜ್, ಒಂದೇ ಸವೆತ ಇದೆಯಾ ನೋಡಿ. ಒಣ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಯಾರೋ ಹಿಡಿದು ಎಳೆದ ಹಾಗೆ ಗಾಡಿ ಮುಗ್ಗರಿಸಿದ್ರೆ ಕಪ್ಲಿಂಗ್ ಬಿಗಿದುಕೊಂಡಿದೆ. ಆಮೇಲೆ ಕೆಳಗೆ ಮಲಗಿ ನೋಡಿ. ತಮಾಷೆ ಅಲ್ಲ, ಸದ್ದು ಮಾಡ್ತಿದ್ದ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಬಿಸಾಕಿ, ಎಡಬ್ಲ್ಯೂಡಿ ಬೋರ್ಡ್ ಮಾತ್ರ ಉಳಿಸಿಕೊಂಡ ಗಾಡಿಗಳೂ ಮಾರಾಟಕ್ಕೆ ಬರ್ತವೆ. ರಸ್ತೆಗೆ ಉಪ್ಪು ಸುರಿಯುವ ರಾಜ್ಯದ ಗಾಡಿಯಾದ್ರೆ ಬ್ರೇಕ್ ಪೈಪ್, ಸಬ್‌ಫ್ರೇಮ್ ತುಕ್ಕು ಹಿಡಿದಿದೆಯಾ ನೋಡಿ. ಹಾಸಿಗೆ, ಪರದೆ, ಸೀರಿಯಲ್ ಲೈಟ್ ಹಾಕಿ ಫೋಟೋ ತೆಗೆದ ವ್ಯಾನಿಗೆ ಎರಡು ಸಾವಿರ ಡಾಲರ್ ಜಾಸ್ತಿ ಕೇಳಿದ್ರೆ ಕೊಡಬೇಡಿ. ಪ್ಲೈವುಡ್ ಮಂಚ ಒಂದು ವಾರಾಂತ್ಯದ ಕೆಲಸ.

ಆ ಮಂಚಕ್ಕೂ ತೂಕ ಇದೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲೆ ಜನ, ಸಾಮಾನು ಸೇರಿ ಎಷ್ಟು ತೂಕ ಹೇರಬಹುದು ಅಂತ ಬರೆದಿರುತ್ತೆ. ಮಿನಿವ್ಯಾನಿಗೆ ಸಾಮಾನ್ಯವಾಗಿ 500ರಿಂದ 600 ಕಿಲೋ. ನಾಲ್ಕು ಜನ 280 ಕಿಲೋ, 40 ಲೀಟರ್ ನೀರು 40 ಕಿಲೋ, ಆಮೇಲೆ ಮಂಚ, ಬ್ಯಾಟರಿ, ಟೆಂಟ್, ಅಕ್ಕಿ, ಕುಕ್ಕರ್. ಟೆಂಟ್ ಯಾಕೆ ಅಂದ್ರೆ ವ್ಯಾನಿನಲ್ಲಿ ಕೈಕಾಲು ಚಾಚಿ ಮಲಗೋದು ಇಬ್ಬರೇ. ಮಲಗುವವರು ಚಳಿಗೆ ಅಂತ ಒಳಗೆ ಗ್ಯಾಸ್ ಒಲೆ ಹಚ್ಚೋದು, ಹಿಮ ಬೀಳುವಾಗ ಎಂಜಿನ್ ಆನ್ ಇಟ್ಟು ನಿದ್ದೆ ಮಾಡೋದು ಎರಡೂ ಬೇಡ. ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ, ವಾಸನೆ ಇರಲ್ಲ, ಎಚ್ಚರವೂ ಆಗಲ್ಲ. ಅದಕ್ಕೊಂದು ಅಲಾರಂ ಸಿಗುತ್ತೆ, ಮಂಚಕ್ಕೆ ಮುಂಚೆ ಅದನ್ನ ತಗೊಳ್ಳಿ. ಒಳ್ಳೇ ಸ್ಲೀಪಿಂಗ್ ಬ್ಯಾಗ್ ಇದ್ರೆ ಹೀಟರ್ ನೆನಪೇ ಆಗಲ್ಲ.

ಕಾಗದಪತ್ರದ ಕೆಲಸ ಚಿಕ್ಕದು. ಗಾಡಿಯ 17 ಅಕ್ಷರದ ವಿನ್ ನಂಬರ್ ಹಾಕಿದ್ರೆ ಬಾಕಿ ಇರೋ ರಿಕಾಲ್‌ಗಳು ಸರ್ಕಾರದ ಸೈಟಿನಲ್ಲಿ ಪುಕ್ಕಟೆ ಸಿಗ್ತವೆ. ಟೈಟಲ್ ಮೇಲೆ ಸಾಲ್ವೇಜ್ ಅಥವಾ ರೀಬಿಲ್ಟ್ ಅಂತಿದ್ರೆ ಒಂದು ಕಾಲದಲ್ಲಿ ಇನ್ಶೂರೆನ್ಸ್ ಕಂಪನಿ ಕೈಬಿಟ್ಟಿದ್ದ ಗಾಡಿ, ಪ್ರವಾಹದ ನೀರಲ್ಲಿ ನಿಂತದ್ದೂ ಇರಬಹುದು. ಮಾರುವವನಿಗೆ ಪರಿಚಯ ಇಲ್ಲದ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಹಾಕಿಸಿ ನೋಡಿಸಿ, ಹಿಂದಿನ ಡಿಫರೆನ್ಷಿಯಲ್ ಎಣ್ಣೆಯಲ್ಲಿ ಲೋಹದ ಪುಡಿ ಇದೆಯಾ ಅಂತ ಕೇಳಿ. ಅದಕ್ಕೆ ಒಪ್ಪದವನ ಹತ್ತಿರ ಮಾತು ಮುಂದುವರಿಸಬೇಡಿ. ನಾಲ್ಕು ಜನ ದುಡ್ಡು ಹಾಕಿದ್ರೂ ಟೈಟಲ್ ಒಬ್ಬರ ಹೆಸರಲ್ಲೇ ಇದ್ರೆ, ಯಾರ ಪಾಲು ಎಷ್ಟು, ಒಬ್ಬ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ್ರೆ ಅವನಿಗೆ ಎಷ್ಟು ವಾಪಸ್ ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ಕೂ ಜನ ಸಹಿ ಹಾಕಿ. ಓಡಿಸುವ ಪ್ರತಿಯೊಬ್ಬರ ಹೆಸರೂ ಇನ್ಶೂರೆನ್ಸ್‌ನಲ್ಲಿ ಇರಲಿ.