ಹಳೆಯ ನಾಲ್ಕು ಚಕ್ರ ಚಾಲಿತ ವಾಹನಗಳ ಸಸ್ಪೆನ್ಷನ್ ಲಿಫ್ಟ್

ಸಸ್ಪೆನ್ಷನ್ ಲಿಫ್ಟ್ ಎಂದರೆ ವಾಹನದ ಸ್ಪ್ರಿಂಗ್ ವ್ಯವಸ್ಥೆಯನ್ನು ಬದಲಿಸಿ, ಚಾಸಿ ಮತ್ತು ಬಾಡಿಯನ್ನು ಆಕ್ಸಲ್‌ಗಳಿಂದ ಮೊದಲಿಗಿಂತ ಹೆಚ್ಚು ಮೇಲಕ್ಕೆ ಎತ್ತುವ ಮಾರ್ಪಾಡು. ಕೆಸರು, ಕಲ್ಲು ಹಾಗೂ ಆಳವಾದ ಗಾಲಿ ಜಾಡುಗಳಿರುವ ದಾರಿಯಲ್ಲಿ ಸಂಚರಿಸುವ ನಾಲ್ಕು ಚಕ್ರ ಚಾಲಿತ (ಫೋರ್ ವ್ಹೀಲ್ ಡ್ರೈವ್) ವಾಹನಗಳಿಗೆ ಇದನ್ನು ಅಳವಡಿಸಲಾಗುತ್ತದೆ. ಚಾಸಿಯ ತಳಕ್ಕೂ ನೆಲಕ್ಕೂ ನಡುವಿನ ಅಂತರವನ್ನು ಹೆಚ್ಚಿಸುವುದು ಮತ್ತು ದೊಡ್ಡ ಟಯರ್‌ಗಳಿಗೆ ಸ್ಥಳ ಮಾಡಿಕೊಡುವುದು ಇದರ ಮುಖ್ಯ ಉದ್ದೇಶಗಳು. ಬಾಡಿ ಮತ್ತು ಚಾಸಿಯ ನಡುವೆ ಗುಟ್ಟಗಳನ್ನಿಟ್ಟು ಬಾಡಿಯನ್ನು ಮಾತ್ರ ಎತ್ತುವ ಬಾಡಿ ಲಿಫ್ಟ್ ಇದಕ್ಕಿಂತ ಭಿನ್ನವಾದುದು. ಹಲವು ವರ್ಷ ಓಡಿದ ವಾಹನದ ಸ್ಪ್ರಿಂಗ್‌ಗಳು ಕುಸಿದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಕಳೆದುಹೋದ ಮೂಲ ಎತ್ತರವನ್ನು ಮರಳಿ ಪಡೆಯುವುದೇ ಬಹುಪಾಲು ಸಂದರ್ಭಗಳಲ್ಲಿ ಅತ್ಯಂತ ಕಡಿಮೆ ಖರ್ಚಿನ ಹಾಗೂ ಕಾನೂನಿನ ತೊಡಕಿಲ್ಲದ ಪರಿಹಾರವಾಗಿರುತ್ತದೆ.

ವಾಹನಗಳು ಮತ್ತು ಅವುಗಳ ಸ್ಪ್ರಿಂಗ್ ರಚನೆ

ಭಾರತದಲ್ಲಿ ಬಳಕೆಯಲ್ಲಿರುವ ಹಳೆಯ ನಾಲ್ಕು ಚಕ್ರ ಚಾಲಿತ ವಾಹನಗಳನ್ನು ಸ್ಪ್ರಿಂಗ್ ರಚನೆಯ ಆಧಾರದಲ್ಲಿ ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯ ಗುಂಪಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ (ಕಮಾನು ಪಟ್ಟಿ) ಇರುತ್ತವೆ. ಮಹೀಂದ್ರಾ ಸಂಸ್ಥೆಯ ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳು ಮತ್ತು 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ ಈ ಗುಂಪಿಗೆ ಸೇರುತ್ತವೆ. ರಚನೆ ಸರಳವಾಗಿರುವುದರಿಂದ ಲಾರಿ ಪಟ್ಟಿಗಳ ಕೆಲಸ ಬಲ್ಲ ಕುಶಲಕರ್ಮಿಗಳು ಇವುಗಳ ದುರಸ್ತಿಯನ್ನೂ ಮಾಡಬಲ್ಲರು.

ಎರಡನೆಯ ಗುಂಪಿನಲ್ಲಿ ಮುಂದಿನ ಎರಡು ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುತ್ತವೆ. 1998ರ ಮೊದಲ ಟಾಟಾ ಸಫಾರಿ ಮತ್ತು 2010ರಲ್ಲಿ ಬಂದ ಮೊದಲ ಮಹೀಂದ್ರಾ ಥಾರ್‌ನ ಸಿಆರ್‌ಡಿಇ ಮಾದರಿಗಳಲ್ಲಿ ಮುಂಭಾಗಕ್ಕೆ ಟಾರ್ಷನ್ ಬಾರ್, ಅಂದರೆ ತಿರುಚುವಿಕೆಯಿಂದ ಭಾರ ಹೊರುವ ಉಕ್ಕಿನ ಸರಳು, ಬಳಕೆಯಾಗಿದೆ. ಹಿಂಭಾಗದಲ್ಲಿ ಸಫಾರಿಗೆ ಕಾಯಿಲ್ ಸ್ಪ್ರಿಂಗ್, ಥಾರ್‌ಗೆ ಲೀಫ್ ಸ್ಪ್ರಿಂಗ್ ಇವೆ. ಒಂದು ಗುಂಪಿಗೆ ಹೊಂದುವ ಲಿಫ್ಟ್ ವಿಧಾನ ಇನ್ನೊಂದಕ್ಕೆ ಹೊಂದುವುದಿಲ್ಲ.

ರಾಯಚೂರು ಜಿಲ್ಲೆಯ ನೆಲ ಮತ್ತು ದಾರಿ

ಎಷ್ಟು ಎತ್ತರ ಬೇಕು ಎಂಬುದನ್ನು ವಾಹನ ಓಡುವ ನೆಲ ನಿರ್ಧರಿಸುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇರುವ ರಾಯಚೂರು ಜಿಲ್ಲೆಯಲ್ಲಿ ಎರೆ (ಕಪ್ಪು) ಮತ್ತು ಮಸಾರಿ (ಕೆಂಪು) ಎಂಬ ಎರಡು ಬಗೆಯ ಭೂಮಿಗಳಿವೆ. ಎರೆಮಣ್ಣಿನಲ್ಲಿರುವ ಜೇಡಿಯು ನೀರು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಇದು ಗಾಲಿಗೆ ಅಂಟಿಕೊಂಡು ಟಯರ್‌ನ ಹಲ್ಲುಗಳನ್ನು ಮುಚ್ಚಿಬಿಡುತ್ತದೆ, ಮಡ್‌ಗಾರ್ಡ್‌ನ ಒಳಗೂ ತುಂಬಿಕೊಳ್ಳುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಇರುವ ಮಾನ್ವಿ ಭಾಗದಲ್ಲಿ ಭತ್ತದ ಗದ್ದೆಗಳ ನಡುವಿನ ದಾರಿಗಳು ಟ್ರ್ಯಾಕ್ಟರ್ ಸಂಚಾರದಿಂದ ಆಳವಾದ ಜಾಡುಗಳಾಗುತ್ತವೆ. ಕೃಷ್ಣೆಯ ಕಡೆಗಿರುವ ದೇವದುರ್ಗ ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರಾವರಿ ಪ್ರದೇಶದ ಜೊತೆಗೆ ಕಲ್ಲುಗುಡ್ಡಗಳೂ ಹಳ್ಳದ ದಾರಿಗಳೂ ಇವೆ. ರಾಯಚೂರು ನಗರದಿಂದ ಈ ಎರಡೂ ಪಟ್ಟಣಗಳಿಗೆ ಡಾಂಬರು ರಸ್ತೆ ಇದೆ. ಆದ್ದರಿಂದ ಈ ಭಾಗದ ವಾಹನವೊಂದು ತನ್ನ ಓಡಾಟದ ಬಹುಪಾಲನ್ನು ವೇಗದ ರಸ್ತೆಯ ಮೇಲೆಯೇ ಕಳೆಯುತ್ತದೆ, ಹೊಲದ ದಾರಿಯ ಕೆಲಸ ಕೊನೆಯ ಕೆಲವು ಕಿಲೋಮೀಟರ್‌ಗಳಿಗೆ ಸೀಮಿತವಾಗಿರುತ್ತದೆ. ಲಿಫ್ಟ್ ಆಯ್ಕೆ ಈ ಎರಡೂ ಬಳಕೆಗಳಿಗೆ ಹೊಂದಿಕೆಯಾಗಬೇಕಾಗುತ್ತದೆ.

ಲಿಫ್ಟ್ ಎತ್ತುವುದು ಏನನ್ನು?

ಇಡೀ ಆಕ್ಸಲ್ ಇರುವ ವಾಹನದಲ್ಲಿ ನೆಲಕ್ಕೆ ಅತಿ ಸಮೀಪವಿರುವ ಭಾಗ ಸಾಮಾನ್ಯವಾಗಿ ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡು. ಸ್ಪ್ರಿಂಗ್‌ಗಳನ್ನು ಎಷ್ಟು ಎತ್ತರಿಸಿದರೂ ಆಕ್ಸಲ್ ಚಕ್ರದ ನಡುವೆಯೇ ಇರುವುದರಿಂದ ಈ ಗುಂಡು ಒಂದಿಷ್ಟೂ ಮೇಲೇರುವುದಿಲ್ಲ. ಅದನ್ನು ಮೇಲೆತ್ತಲು ಟಯರ್‌ನ ವ್ಯಾಸ ಹೆಚ್ಚಬೇಕು. ಹೆಚ್ಚಿದ ವ್ಯಾಸದ ಅರ್ಧದಷ್ಟು ಮಾತ್ರ ನೆಲದ ಅಂತರಕ್ಕೆ ಸೇರುತ್ತದೆ.

ಉದಾಹರಣೆಗೆ, 205/70 ಆರ್ 15 ಅಳತೆಯ ಟಯರ್‌ನ ವ್ಯಾಸ ಸುಮಾರು 668 ಮಿ.ಮೀ. ಅದರ ಬದಲು 215/75 ಆರ್ 15 ಹಾಕಿದರೆ ವ್ಯಾಸ ಸುಮಾರು 703 ಮಿ.ಮೀ. ಆಗುತ್ತದೆ. ಡಿಫರೆನ್ಷಿಯಲ್ ಕೆಳಗಿನ ಅಂತರದಲ್ಲಿ ಸಿಗುವ ಲಾಭ ಸುಮಾರು 18 ಮಿ.ಮೀ. ಮಾತ್ರ. ಜೊತೆಗೆ ಚಕ್ರದ ಸುತ್ತಳತೆ ಸುಮಾರು ಶೇ. 5ರಷ್ಟು ಹೆಚ್ಚುವುದರಿಂದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಮೊದಲಿಗಿಂತ ಅಷ್ಟು ಕಡಿಮೆ ತೋರಿಸುತ್ತದೆ, ಎಳೆಯುವ ಶಕ್ತಿಯೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಟ್ರ್ಯಾಕ್ಟರ್ ಜಾಡಿನ ನಡುವಿನ ದಿಬ್ಬಕ್ಕೆ ಡಿಫರೆನ್ಷಿಯಲ್ ತಾಗಿ ವಾಹನ ನಿಂತುಬಿಡುವುದೇ ತೊಂದರೆಯಾಗಿದ್ದರೆ ಸಸ್ಪೆನ್ಷನ್ ಲಿಫ್ಟ್ ಅದನ್ನು ಪರಿಹರಿಸುವುದಿಲ್ಲ. ಹಳ್ಳದ ದಡ ಇಳಿಯುವಾಗ ಬಂಪರ್ ತಾಗುವುದು, ಕಲ್ಲು ದಾಟುವಾಗ ಚಾಸಿಯ ನಡುಭಾಗ ಉಜ್ಜುವುದು, ಟಯರ್ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಸಿಕ್ಕಿಕೊಳ್ಳುವುದು, ಇಂತಹ ತೊಂದರೆಗಳಿಗೆ ಅದು ನೆರವಾಗುತ್ತದೆ. ಒದ್ದೆ ಎರೆಮಣ್ಣಿನಲ್ಲಿ ಚಕ್ರ ಜಾರುವುದು ಎತ್ತರಕ್ಕೆ ಸಂಬಂಧಿಸಿದ ತೊಂದರೆಯಲ್ಲ. ಅಲ್ಲಿ ಹಣವನ್ನು ಅಗಲ ಸಂದುಗಳ ಕೆಸರಿನ ಟಯರ್‌ಗಳಿಗೆ ಬಳಸುವುದು ಹೆಚ್ಚು ಫಲಕಾರಿ.

ಕುಸಿದ ಸ್ಪ್ರಿಂಗ್‌ಗಳನ್ನು ಗುರುತಿಸುವುದು

ಖರ್ಚು ಮಾಡುವ ಮೊದಲು ವಾಹನದ ಈಗಿನ ಎತ್ತರವನ್ನು ಅಳೆಯಬೇಕು. ಸಮತಟ್ಟಾದ ನೆಲದಲ್ಲಿ, ಟಯರ್‌ಗಳಲ್ಲಿ ಸರಿಯಾದ ಗಾಳಿ ಇರುವಾಗ, ಪ್ರತಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗಿನ ಅಂತರವನ್ನು ಗುರುತು ಹಾಕಿಕೊಳ್ಳಲಾಗುತ್ತದೆ. ಕೆಳಗಿನ ಲಕ್ಷಣಗಳು ಸ್ಪ್ರಿಂಗ್ ಕುಸಿದಿರುವುದನ್ನು ಸೂಚಿಸುತ್ತವೆ:

• ಎಡ ಮತ್ತು ಬಲದ ಅಳತೆಗಳಲ್ಲಿ ಎದ್ದುಕಾಣುವ ವ್ಯತ್ಯಾಸ.
• ಖಾಲಿ ವಾಹನದಲ್ಲಿಯೇ ಕಮಾನು ಪಟ್ಟಿ ನೇರವಾಗಿರುವುದು ಅಥವಾ ಹಿಮ್ಮುಖವಾಗಿ ಬಾಗಿರುವುದು.
• ಆಕ್ಸಲ್ ಮತ್ತು ಚಾಸಿಯ ರಬ್ಬರ್ ತಡೆಯ (ಬಂಪ್ ಸ್ಟಾಪ್) ನಡುವೆ ಅಂತರ ಉಳಿಯದಿರುವುದು.
• ಪಟ್ಟಿಯಲ್ಲಿ ಬಿರುಕು, ಸೆಂಟರ್ ಬೋಲ್ಟ್ ತುಂಡಾಗಿರುವುದು, ಬುಷ್ ಸವೆದಿರುವುದು.

ಇಂತಹ ವಾಹನಕ್ಕೆ ಮೂಲ ಅಳತೆಯ ಹೊಸ ಪಟ್ಟಿ, ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿದರೆ ಕಾರ್ಖಾನೆಯಿಂದ ಬಂದಾಗಿನ ಎತ್ತರ ಮರಳುತ್ತದೆ. ಇದು ಮಾರ್ಪಾಡಲ್ಲ, ದುರಸ್ತಿ.

ಎತ್ತರಿಸುವ ವಿಧಾನಗಳು

ಪಟ್ಟಿಗಳನ್ನು ಮತ್ತೆ ಬಾಗಿಸುವುದು: ಹಳೆಯ ಪಟ್ಟಿಗಳನ್ನು ಬಿಚ್ಚಿ ಮೊದಲಿನ ಕಮಾನಿಗೆ ತರಲಾಗುತ್ತದೆ. ಹೊಸ ಪಟ್ಟಿಗಿಂತ ಖರ್ಚು ಕಡಿಮೆ. ಆದರೆ ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಬಾಗಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಮತ್ತೆ ಹದ ಕೊಡದಿದ್ದರೆ ಪಟ್ಟಿ ಬೇಗನೆ ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಹೆಚ್ಚುವರಿ ಪಟ್ಟಿ ಸೇರಿಸುವುದು: ಇರುವ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಎತ್ತರವೂ ಭಾರ ಹೊರುವ ಬಲವೂ ಹೆಚ್ಚುತ್ತವೆ. ಹಿಂಭಾಗದಲ್ಲಿ ಸದಾ ಹೊರೆ ಸಾಗಿಸುವ ವಾಹನಕ್ಕೆ ಇದು ಹೊಂದುತ್ತದೆ. ಖಾಲಿ ಓಡುವ ವಾಹನ ಗಡುಸಾಗಿ ಕುಲುಕುತ್ತದೆ, ಏರುತಗ್ಗಿನ ನೆಲದಲ್ಲಿ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ.

ಉದ್ದನೆಯ ಶ್ಯಾಕಲ್: ಪಟ್ಟಿಯ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯನ್ನು ಉದ್ದ ಮಾಡಲಾಗುತ್ತದೆ. ಕೊಂಡಿ 2 ಇಂಚು ಉದ್ದವಾದರೆ ವಾಹನ ಏರುವುದು ಸುಮಾರು 1 ಇಂಚು. ಮುಂದಿನ ಚಕ್ರಗಳಿಗೆ ಹಾಕಿದಾಗ ಆಕ್ಸಲ್ ಹೊರಳಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಕಾರಣವಾದ ಕೋನ (ಕ್ಯಾಸ್ಟರ್) ಬದಲಾಗುತ್ತದೆ. ಉದ್ದ ಹೆಚ್ಚಿದಷ್ಟೂ ಕೊಂಡಿ ಪಕ್ಕಕ್ಕೆ ವಾಲುವ ಸಾಧ್ಯತೆ ಹೆಚ್ಚು.

ಬ್ಲಾಕ್: ಆಕ್ಸಲ್ ಮತ್ತು ಪಟ್ಟಿಯ ನಡುವೆ ಲೋಹದ ಗುಟ್ಟ ಇಡುವ ವಿಧಾನ. ಪಟ್ಟಿಗಳು ಆಕ್ಸಲ್‌ನ ಮೇಲೆ ಕೂರುವ ವಾಹನಗಳಲ್ಲಿ, ಹಿಂಭಾಗಕ್ಕೆ ಮಾತ್ರ ಇದನ್ನು ಬಳಸಲಾಗುತ್ತದೆ. ಬ್ರೇಕ್ ಹಾಗೂ ಸ್ಟೀರಿಂಗ್‌ನ ಒತ್ತಡದಲ್ಲಿ ಗುಟ್ಟ ಜರುಗಿದರೆ ವಾಹನ ಹತೋಟಿ ತಪ್ಪುವುದರಿಂದ ಮುಂದಿನ ಆಕ್ಸಲ್‌ಗೆ ಇದನ್ನು ಅಳವಡಿಸಬಾರದು.

ಪಟ್ಟಿಯನ್ನು ಆಕ್ಸಲ್‌ನ ಮೇಲಕ್ಕೆ ತರುವುದು: ಜಿಪ್ಸಿಯಲ್ಲಿ ಪಟ್ಟಿಗಳು ಆಕ್ಸಲ್‌ನ ಕೆಳಗಿರುತ್ತವೆ. ಅವುಗಳನ್ನು ಮೇಲಕ್ಕೆ ತಂದು ಕೂರಿಸಿದರೆ ಆಕ್ಸಲ್‌ನ ಮತ್ತು ಪಟ್ಟಿ ಕಟ್ಟಿನ ದಪ್ಪ ಸೇರಿದಷ್ಟು ಎತ್ತರ ಒಮ್ಮೆಲೇ ಸಿಗುತ್ತದೆ. ಹೊಸ ಪಟ್ಟಿ ಬೇಕಿಲ್ಲದ ಕಾರಣ ಅಗ್ಗವೆಂದು ತೋರಿದರೂ ಆಕ್ಸಲ್ ಮೇಲೆ ವೆಲ್ಡಿಂಗ್, ಸ್ಟೀರಿಂಗ್ ಜೋಡಣೆಯ ಬದಲಾವಣೆ, ಉದ್ದನೆಯ ಬ್ರೇಕ್ ಹೋಸ್ ಇತ್ಯಾದಿ ಸೇರಿ ಇದು ದುಬಾರಿ ವಿಧಾನಗಳ ಸಾಲಿಗೆ ಬರುತ್ತದೆ.

ಟಾರ್ಷನ್ ಬಾರ್ ಬಿಗಿ ಮಾಡುವುದು: ಹೊಂದಾಣಿಕೆಯ ಬೋಲ್ಟ್ ತಿರುಗಿಸಿದರೆ ಮುಂಭಾಗ ಏರುತ್ತದೆ. ಬಿಡಿಭಾಗದ ಖರ್ಚಿಲ್ಲ. ಆದರೆ ಚಕ್ರ ಕೆಳಕ್ಕೆ ಇಳಿಯಲು ಇರುವ ಅವಕಾಶ ಕಡಿಮೆಯಾಗುತ್ತದೆ, ಡ್ರೈವ್ ಶಾಫ್ಟ್ ಮತ್ತು ಬಾಲ್ ಜಾಯಿಂಟ್‌ಗಳು ಓರೆಯಾಗಿ ದುಡಿದು ಬೇಗ ಸವೆಯುತ್ತವೆ. ಕುಸಿದ ಎತ್ತರವನ್ನು ಸರಿಪಡಿಸುವಷ್ಟಕ್ಕೆ ಇದನ್ನು ಮಿತಿಗೊಳಿಸುವುದು ಕ್ಷೇಮ.

ಬೆಂಬತ್ತಿ ಬರುವ ವೆಚ್ಚಗಳು

ಲಿಫ್ಟ್‌ನ ನಿಜವಾದ ಬೆಲೆ ಸ್ಪ್ರಿಂಗ್‌ನ ಬೆಲೆಯಷ್ಟೇ ಅಲ್ಲ. ಎತ್ತರ ಹೆಚ್ಚಿದಂತೆ ಇತರ ಭಾಗಗಳನ್ನೂ ಬದಲಿಸಬೇಕಾಗುತ್ತದೆ. ಮೂಲ ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಂಡು ಕೀಳಬಹುದು. ಚಕ್ರ ಇಳಿಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗಿ ಹರಿಯಬಹುದು. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಹೆಚ್ಚಿ ಯೂನಿವರ್ಸಲ್ ಜಾಯಿಂಟ್‌ಗಳು ನಡುಗುತ್ತವೆ. ಸ್ಟೀರಿಂಗ್‌ನ ಡ್ರ್ಯಾಗ್ ಲಿಂಕ್ ಓರೆಯಾದಾಗ, ಚಕ್ರ ಗುಂಡಿಗೆ ಇಳಿದರೆ ವಾಹನ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಹೆಡ್‌ಲೈಟ್‌ಗಳ ಬೆಳಕು ಎದುರು ಬರುವವರ ಕಣ್ಣಿಗೆ ಬೀಳದಂತೆ ಮರುಹೊಂದಿಸಬೇಕು. ಪಟ್ಟಿ ಬಿಚ್ಚಿದಾಗಲೆಲ್ಲ ಹೊಸ ಯು-ಬೋಲ್ಟ್‌ಗಳನ್ನು ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಗೊಳಿಸಬೇಕು. ಸಾಮಾನ್ಯವಾಗಿ 2 ಇಂಚಿನ ಒಳಗಿನ ಲಿಫ್ಟ್‌ನಲ್ಲಿ ಈ ಸರಣಿ ಚಿಕ್ಕದಾಗಿರುತ್ತದೆ, ಅದನ್ನು ಮೀರಿದಂತೆ ಉದ್ದವಾಗುತ್ತಾ ಹೋಗುತ್ತದೆ.

ಸ್ಥಿರತೆ

ಎತ್ತರಿಸಿದ ವಾಹನದ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆ ಮಗುಚಿಕೊಳ್ಳುವುದರ ವಿರುದ್ಧ ವಾಹನಕ್ಕಿರುವ ಸ್ಥಿರತೆಯನ್ನು ಸೂಚಿಸುತ್ತದೆ. ಅಗಲ 1300 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 650 ಮಿ.ಮೀ. ಇರುವ ವಾಹನಕ್ಕೆ ಇದು 1.00. ಗುರುತ್ವ ಕೇಂದ್ರ 50 ಮಿ.ಮೀ. ಏರಿದರೆ 0.93ಕ್ಕೆ ಇಳಿಯುತ್ತದೆ. ಈ ಇಳಿಕೆಯ ಪರಿಣಾಮ ನಿಧಾನವಾಗಿ ಸಾಗುವ ಹೊಲದ ದಾರಿಗಿಂತ, ಡಾಂಬರು ರಸ್ತೆಯಲ್ಲಿ ಎದುರಾದ ಜಾನುವಾರನ್ನು ತಪ್ಪಿಸಲು ತಟ್ಟನೆ ಸ್ಟೀರಿಂಗ್ ತಿರುಗಿಸಿದಾಗ ಹೆಚ್ಚು ಅನುಭವಕ್ಕೆ ಬರುತ್ತದೆ. ಟಾಪ್ ಮೇಲೆ ಹೊರೆ ಅಥವಾ ಹಿಂದೆ ತುಂಬ ಜನರಿದ್ದರೆ ಅಪಾಯ ಇನ್ನೂ ಹೆಚ್ಚು.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಹಳೆಯ ವಾಹನಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಖಾಸಗಿ ವಾಹನದ ನೋಂದಣಿಯ ಮೊದಲ ಅವಧಿ 15 ವರ್ಷ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ರಾಯಚೂರು ಜಿಲ್ಲೆಯ ಕೆಎ-36 ಸರಣಿಯ ವಾಹನಗಳೂ ಇದಕ್ಕೆ ಹೊರತಲ್ಲ. ಎದ್ದುಕಾಣುವ ಲಿಫ್ಟ್ ಇರುವ ವಾಹನ ಈ ಹಂತದಲ್ಲಿ ಆಕ್ಷೇಪಕ್ಕೆ ಒಳಗಾಗಬಹುದು. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರದ ವಿವಾದಕ್ಕೂ ಕಾರಣವಾಗಬಹುದು. ಮೂಲ ಅಳತೆಯ ಬಿಡಿಭಾಗಗಳಿಂದ ಮಾಡಿದ ದುರಸ್ತಿಗೆ ಈ ತೊಡಕುಗಳಿಲ್ಲ.

ಆಯ್ಕೆಯ ಕ್ರಮ

ಮೇಲಿನ ಅಂಶಗಳನ್ನು ಪರಿಗಣಿಸಿದರೆ ಕಡಿಮೆ ಖರ್ಚಿನ ಆಯ್ಕೆ ಈ ಕ್ರಮದಲ್ಲಿ ಸಾಗುತ್ತದೆ:

1. ವಾಹನ ನಿಖರವಾಗಿ ಎಲ್ಲಿ ತಾಗುತ್ತದೆ, ಏಕೆ ನಿಲ್ಲುತ್ತದೆ ಎಂಬುದನ್ನು ಗುರುತಿಸುವುದು.
2. ನಾಲ್ಕೂ ಮೂಲೆಗಳ ಎತ್ತರ ಅಳೆದು, ಚಾಸಿಯ ತುಕ್ಕು ಹಾಗೂ ಸ್ಪ್ರಿಂಗ್ ಜೋಡಣೆಗಳನ್ನು ಪರೀಕ್ಷಿಸುವುದು. ತುಕ್ಕು ಹಿಡಿದ ಚಾಸಿಗೆ ಯಾವ ಲಿಫ್ಟ್ ಕೂಡ ಸುರಕ್ಷಿತವಲ್ಲ.
3. ಬುಷ್, ಪಟ್ಟಿ, ಶಾಕ್ ಅಬ್ಸಾರ್ಬರ್‌ಗಳನ್ನು ಮೂಲ ಅಳತೆಗೆ ತರುವುದು.
4. ದಾರಿಗೆ ತಕ್ಕ ಟಯರ್‌ಗಳನ್ನು ಆರಿಸುವುದು.
5. ಇಷ್ಟರ ಮೇಲೂ ಕೊರತೆ ಉಳಿದರೆ ಮಾತ್ರ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಬೆಂಬತ್ತಿ ಬರುವ ವೆಚ್ಚಗಳನ್ನೂ ಸೇರಿಸಿ, ಸಣ್ಣ ಲಿಫ್ಟ್‌ನ ಲೆಕ್ಕ ಹಾಕುವುದು.

ನೆರೆ ನೀರು ಮತ್ತು ಲಿಫ್ಟ್‌ನ ಮಿತಿ

ಎತ್ತರಿಸಿದ ವಾಹನ ಹರಿಯುವ ನೀರನ್ನು ಸುರಕ್ಷಿತವಾಗಿ ದಾಟಬಲ್ಲದು ಎಂಬುದು ತಪ್ಪು ತಿಳಿವಳಿಕೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಕೃಷ್ಣೆಯಲ್ಲಿ ಮುಳುಗುವುದುಂಟು. ಹರಿಯುವ ನೀರು ಸುಮಾರು 30 ಸೆಂ.ಮೀ. ಆಳವಿದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು, ಸುಮಾರು 60 ಸೆಂ.ಮೀ. ಇದ್ದರೆ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಎರಡು ಇಂಚಿನ ಲಿಫ್ಟ್ ಇದಕ್ಕೆ ಸೇರಿಸುವುದು ಕೇವಲ 5 ಸೆಂ.ಮೀ. ಚಕ್ರದ ಬೇರಿಂಗ್ ಮತ್ತು ಡಿಫರೆನ್ಷಿಯಲ್‌ಗಳು ಮೊದಲಿನ ಎತ್ತರದಲ್ಲಿಯೇ ಇರುವುದರಿಂದ ಅವುಗಳೊಳಗೆ ನೀರು ನುಗ್ಗುವ ಸಾಧ್ಯತೆಯೂ ಹಾಗೆಯೇ ಉಳಿಯುತ್ತದೆ. ಸಂಚಾರ ನಿರ್ಬಂಧಿಸಿದ ಸೇತುವೆ ಮತ್ತು ತುಂಬಿ ಹರಿಯುವ ಹಳ್ಳಗಳ ವಿಷಯದಲ್ಲಿ, ಎತ್ತರಿಸಿದ ವಾಹನಕ್ಕೂ ಸಾಮಾನ್ಯ ವಾಹನಕ್ಕೂ ಅನ್ವಯಿಸುವ ನಿಯಮ ಒಂದೇ: ನೀರು ಇಳಿಯುವವರೆಗೆ ಕಾಯುವುದು ಅಥವಾ ಬೇರೆ ದಾರಿಯಲ್ಲಿ ಹೋಗುವುದು.