ಕ್ರೋಶಾ ಚೀಲದ ಮೇಲೆ ಕಸೂತಿ ಆನೆ

ಬೆಳಗಾವಿ, ಖಾನಾಪುರದ ಗೃಹಿಣಿಯರಿಗೆ ಜುಲೈ ಅಂದ್ರೆ ಬಿಡದ ಮಳೆ, ಮುಗಿಯದ ಮಧ್ಯಾಹ್ನ. ಬಾಗಿಲ ತೋರಣ ಹೆಣೆದು ಕ್ರೋಶಾ ಕೈಗೆ ಹತ್ತಿದೆಯಾ? ಹಾಗಾದ್ರೆ ಈ ಸಲ ಟ್ಯಾಪೆಸ್ಟ್ರಿ ಕ್ರೋಶಾ ಕಲಿಯಿರಿ. ಕೊಲಂಬಿಯಾದ ವಯೂ ಹೆಂಗಸರ ಬಣ್ಣಬಣ್ಣದ ಚೀಲಗಳು ಇದರಲ್ಲೇ ಆಗೋದು.

ಗೊತ್ತಿರಬೇಕಾದದ್ದು ಸಿಂಗಲ್ ಕ್ರೋಶಾ ಮಾತ್ರ. ಒಂದು ಬಣ್ಣದಲ್ಲಿ ಹೆಣೆಯುವಾಗ ಇನ್ನೊಂದು ದಾರವನ್ನು ಹೊಲಿಗೆಯೊಳಗೇ ಅಡಗಿಸಿಕೊಂಡು ಹೋಗಬೇಕು. ಬಣ್ಣ ಬದಲಿಸುವ ಮುಂಚಿನ ಹೊಲಿಗೆಯನ್ನು ಮುಗಿಸುವಾಗ ಕೊನೆಯ ಸಲ ಹೊಸ ಬಣ್ಣವನ್ನೇ ಎಳೆಯಿರಿ. ಮರೆತರೆ ಆನೆಯ ಸೊಂಡಿಲ ಅಂಚು ಕೆಡುತ್ತೆ!

ನಕ್ಷೆಗೆ ಪುಸ್ತಕ ಯಾಕೆ? ಅಜ್ಜಿಯ ಕಸೂತಿ ಹಾಕಿದ ಇಳಕಲ್ ಸೀರೆ ತೆಗೆಯಿರಿ. ಅದೂ ಎಳೆ ಎಣಿಸಿ ಹಾಕಿದ್ದೇ. ಆದರೆ ಗವಂತಿ, ಮುರ್ಗಿಯ ಸಣ್ಣ ಗೆರೆಗಳು ಕ್ರೋಶಾದಲ್ಲಿ ಮೂಡೋದಿಲ್ಲ. ಮೆಂತೆ ಹೊಲಿಗೆಯಲ್ಲಿ ತುಂಬಿದ ಆನೆ, ತೇರು ಸಿಕ್ಕರೆ ಗ್ರಾಫ್ ಹಾಳೆಗೆ ಇಳಿಸಿಕೊಳ್ಳಿ. 1 ಚೌಕಕ್ಕೆ 1 ಹೊಲಿಗೆ. ಚೀಲವನ್ನು ಸುತ್ತುಸುತ್ತಾಗಿ ಹೆಣೆದರೆ, ಬಲಗೈಯವರಿಗೆ ಚಿತ್ರ ತುಸು ಬಲಕ್ಕೆ ವಾಲುವುದು ಸಹಜ.

ಕೆಂಪು ದಾರದ ಬಗ್ಗೆ ಮಾತ್ರ ಹುಷಾರು. ಒಳಗೆ ಅಡಗಿದ ಕೆಂಪು ಬಣ್ಣ ಬಿಟ್ಟರೆ ಮೊದಲ ಒಗೆತಕ್ಕೇ ಬಿಳಿಯೆಲ್ಲಾ ಗುಲಾಬಿ, ಹದಿನೈದು ದಿನದ ಕೆಲಸ ನೀರುಪಾಲು. ಶುರು ಮಾಡುವ ಮೊದಲೇ ಗೇಣುದ್ದ ದಾರವನ್ನು ಬಿಳಿ ಬಟ್ಟೆಯ ಜೊತೆ ಬಿಸಿನೀರಲ್ಲಿ ನೆನೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ವಾಪಸ್ ಅಂಗಡಿಗೆ.